ಕಡಲಾಚೆಯವರ ಮುಯ್ಯಿ

ಪೊಲೀಸ್ ಆ್ಯಕ್ಷನ್ ಮುಗಿದಿತ್ತು. ಹೈದರಾಬಾದ್ ರಾಜ್ಯ ಇನ್ನೂ ಹರಿದು ಹಂಚಿಹೋಗಿರಲಿಲ್ಲ. ಹೈದರಾಬಾದಿನಲ್ಲಿ ಇಂಟರ್ ಫೇಲಾಗಿ ಭಾಲ್ಕಿಗೆ ಮರಳಿದ ನಾನು ಒಂದು ಕರಿ ಕೋಟು ಮತ್ತು ನಾಲ್ಕು ಮಾತು ಇಂಗ್ಲಿಷ್ ಬಿಟ್ಟರೆ ಅಲ್ಲಿಂದ ಏನೂ ತಂದಿರಲಿಲ್ಲ.

ಆ ನಾಲ್ಕು ಮಾತಿಗೂ ಬೆಲೆ ಬಂತು. ಭಾಲ್ಕಿ ಹತ್ತಿರದ ಹಳ್ಳಿ ಹಲಬರ್ಗಾಕ್ಕೆ ಪರದೇಶದ ಸ್ವಯಂಸೇವಕರು ಬಂದರು. ಇಬ್ಬರು ಗಂಡಸರು, ಒಬ್ಬ ಹೆಂಗಸು. ಉತ್ತರ ಆಫ್ರಿಕಾದ ಗುಡ್ಡದ ಹಳ್ಳಿಯೊಂದರಲ್ಲಿ ಬಾವಿ ಕಟ್ಟಿ, ಈಗ ನಮ್ಮ ಕಡೆಯ ಕುಸಿದ ಸಾಲೆಯನ್ನು ಎಬ್ಬಿಸಲು ಬಂದಿದ್ದರು. ಅವರ ಮಾತನ್ನು ಊರಿಗೆ, ಊರಿನ ಮಾತನ್ನು ಅವರಿಗೆ ಮುಟ್ಟಿಸಲು ನನ್ನನ್ನು ಕರೆದರು. ಅವರು ಅಂಗಿ ಬಿಚ್ಚಿ ಕಲ್ಲು ಹೊರುತ್ತಿದ್ದರು. ನಾನು ಕೋಟಿನ ಗುಂಡಿ ಹಾಕಿಕೊಂಡು ನೆರಳಲ್ಲಿ ನಿಂತು, ಭಾಷಾಂತರ ಎಷ್ಟು ಕಷ್ಟದ ಕೆಲಸ ಎಂದು ಬೆವರು ಒರೆಸಿಕೊಳ್ಳುತ್ತಿದ್ದೆ.

ಒಂದು ಮುಂಜಾನೆ ಊರವರು ಬಂದು ಕೆಲಸ ನಿಲ್ಲಿಸಿದರು. ಕುರಿ ಸಾಕಿದ್ದ ಒಬ್ಬ ಹಿರಿಯರು ಪರದೇಶದವರ ಕೈಯಿಂದ ಸಲಿಕೆ ಇಸಿದುಕೊಂಡು ನನ್ನ ಕಡೆ ತಿರುಗಿದರು.

"ಇವರ ಹೊಲ ಎಲ್ಲಿ ಅದರಿ?"

ನಾನು ನಕ್ಕೆ. ಆಮೇಲೆ ಕಟ್ಟೆ ಹತ್ತಿ ನಿಸ್ವಾರ್ಥ ಸೇವೆಯ ಮೇಲೆ ಭಾಷಣ ಕೊಟ್ಟೆ. ಅದರಲ್ಲಿ ಅರ್ಧ ನನಗೇ ತಿಳಿಯಲಿಲ್ಲ.

ಹಿರಿಯರು ತಾಳ್ಮೆಯಿಂದ ಕೇಳಿ ಮತ್ತೆ ಹೇಳಿದರು: "ಅದೆಲ್ಲ ಖರೇ ಅದರಿ. ಆದ್ರ ಇವರು ನಮ್ಮ ಸಾಲಿಗಿ ದುಡದ್ರು ಅಂದ್ರ ನಾವು ಇವರ ಹೊಲದಾಗ ದುಡೀಬೇಕು. ಸಮುದ್ರದ ಆಚಿ ಹೋಗಿ ಹ್ಯಾಂಗ ತೀರಸೂದರಿ?"

ಇದು ಮುಯ್ಯಿಯ ಮಾತು. ಇಂದು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ ಬರಬೇಕು. ತೀರಿಸಲಾಗದ ದುಡಿಮೆಯನ್ನು ಆ ಊರಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಸಾಲೆಯ ಹಿಂದಿನ ಮನೆಯ, ಊರೆಲ್ಲ ಚಾಚಿ ಎನ್ನುತ್ತಿದ್ದ ಮುಸ್ಲಿಂ ಹೆಂಗಸಿನ ಗೋಡೆಯೂ ಬಿದ್ದಲ್ಲೇ ಬಿದ್ದಿತ್ತು. ಪೊಲೀಸ್ ಆ್ಯಕ್ಷನ್ ಗದ್ದಲದಲ್ಲಿ ಹೊರಗೆ ಹೋದ ಆಕೆಯ ಗಂಡ ತಿರುಗಿ ಬಂದಿರಲಿಲ್ಲ. ಮುಯ್ಯಿ ತೀರಿಸಲು ಮನೆಯಲ್ಲಿ ಗಂಡಾಳಿಲ್ಲ, ಆದ್ದರಿಂದ ಆಕೆ ಯಾರನ್ನೂ ಕರೆಯಲಿಲ್ಲ. ಮಳೆಗೆ ಮುಂಚೆ ಗೋಡೆ ಏಳದಿದ್ದರೆ ಬೀದರಿನ ತಮ್ಮನ ಮನೆ ಸೇರಬೇಕಿತ್ತು. ಆಕೆ ಒಲ್ಲೆ ಎನ್ನುತ್ತಿದ್ದಳು. "ಅವರು ಬಂದ್ರ ಬಾಗಲ ಯಾರು ತೆಗೀತಾರ?" ಎನ್ನುವುದೊಂದೇ ಮಾತು. ಪರದೇಶದವರಿಗೆ ದಿನಾ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದವಳು ಆಕೆಯೇ.

ಹಿರಿಯರ ಮಾತನ್ನು ನಾನು ನಾಚುತ್ತಲೇ ಇಂಗ್ಲಿಷಿಗೆ ತಿರುಗಿಸಿದೆ. ನಮ್ಮ ಜನ ಇನ್ನೂ ಹಿಂದುಳಿದವರು ಎಂದು ನನ್ನದೊಂದು ಒಗ್ಗರಣೆಯನ್ನೂ ಹಾಕಿದೆ. ಆ ಪರದೇಶದ ಹೆಂಗಸು ಒಗ್ಗರಣೆ ಬಿಟ್ಟು ಉಳಿದದ್ದನ್ನು ಕೇಳಿಸಿಕೊಂಡಳು. ಆಫ್ರಿಕಾದ ಆ ಗುಡ್ಡದ ಹಳ್ಳಿಯಲ್ಲೂ ಇದೇ ರೀತಿ ಇತ್ತಂತೆ. "ನಮ್ಮ ಹೊಲ ದೂರ. ನಮ್ಮ ಮುಯ್ಯಿಯನ್ನು ಆ ಮನೆಯಲ್ಲಿ ತೀರಿಸಿ ಎಂದು ಹೇಳು" ಎಂದು ಚಾಚಿಯ ಗೋಡೆ ತೋರಿಸಿದಳು.

ಹಿರಿಯರು ತಲೆಯಾಡಿಸಿ ಸಲಿಕೆ ತಿರುಗಿ ಕೊಟ್ಟರು. ಚಾಚಿಯೂ ಒಪ್ಪಿದಳು. ಒಂದು ಕಡೆ ಸಾಲೆ, ಇನ್ನೊಂದು ಕಡೆ ಗೋಡೆ ಏಳತೊಡಗಿತು. ಎಲ್ಲರೂ ದುಡಿಯುವಾಗ ಭಾಷಾಂತರಕ್ಕೆ ಮಾತೇ ಉಳಿಯಲಿಲ್ಲ. ನಿಂತು ನಿಂತು ನಾಚಿಕೆಯಾಗಿ, ಕೊನೆಗೆ ನಾನೂ ಕೋಟು ಬಿಚ್ಚಿ ಒಂದು ಮಧ್ಯಾಹ್ನ ಚಾಚಿಯ ಗೋಡೆಗೆ ಮಣ್ಣು ಮೆತ್ತಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ನಾನು ಕಟ್ಟಿದ ತುಂಡನ್ನು ಹಿರಿಯರು ಮರುದಿನ ಕೆಡವಿ, ಮತ್ತೆ ಕಟ್ಟಿದರು.

ಮಳೆ ಹಿಡಿಯುವ ಮೊದಲೇ ಎರಡೂ ಕೆಲಸ ಮುಗಿದು ಪರದೇಶದವರು ಹೋದರು. ಶ್ರಾವಣದಲ್ಲಿ ಒಂದು ದಿನ ಭಾಲ್ಕಿಯ ನಮ್ಮ ಮನೆಯ ಬಾಗಿಲಲ್ಲಿ ಚಾಚಿ ನಿಂತಿದ್ದಳು, ಕೈಯಲ್ಲಿ ಸೂಜಿ ದಾರದ ಗಂಟು.

"ಅಕ್ಕಾ, ಹಳೀ ಸೀರಿ ಕೊಡ್ರಿ, ಕೌದಿ ಹೊಲೀತೀನಿ," ಎಂದು ಅವ್ವನಿಗೆ ಹೇಳಿದಳು. "ಊರವರು ಪರದೇಶದವರ ಮುಯ್ಯಿ ತೀರಸ್ಯಾರ. ಪರದೇಶದವರಿಗಿ ನಾ ರೊಟ್ಟಿ ಬಡದು ಕೊಟ್ಟೀನಿ. ನಿಮ್ಮ ಮಗಂದು ಒಂದೇ ನನ್ನ ಮ್ಯಾಲ ಉಳದದ."

"ಇವ ದುಡದಾನ? ನನಗ ನಂಬಕಿ ಬರಲ್ಲವ್ವ," ಎಂದಳು ಅವ್ವ.

"ಚಾಚಿ, ನಾ ಕಟ್ಟಿದ್ದು ಕೆಡವಿಬಿಟ್ರಲ್ಲ," ಎಂದೆ.

"ಕೆಡವಲಿ. ನಿನ್ನ ಬೆವರು ಬಿದ್ದದಲ್ಲ?"

ಇಡೀ ದಿನ ಕೂತು ಹೊಲಿದಳು. ರಾತ್ರಿ ಇದ್ದು ಹೋಗೆಂದು ಅವ್ವ ಎಷ್ಟು ಕರೆದರೂ ಸಂಜೆಯ ಗಾಡಿಗೆ ಎದ್ದೇಬಿಟ್ಟಳು.

"ಬಾಗಲ ಹಾಕಿ ಬಂದೀನಿ ಅಕ್ಕಾ. ಅವರು ಬಂದ್ರ ಹೊರಗ ನಿಲ್ಲಬೇಕಾಗ್ತದ."

ಎರಡು ಕಡೆಯ ಮಾತು ಬಲ್ಲೆನೆಂದು ಮೆರೆದಿದ್ದ ನಾನು ಆಕೆಯ ಗಂಟು ಎತ್ತಿಕೊಂಡೆ. ಸ್ಟೇಶನ್ನಿಗೆ ಹೋಗಿ ಗಾಡಿ ಹೊರಡುವ ತನಕ ಆಕೆಯ ಜೊತೆ ನಿಂತೆ.