ಮದ್ದು ಹಿಡಿಯದ ಬೆಳಿಗ್ಗೆ

ನಾನು ಚಿಕ್ಕವನಿದ್ದಾಗ ಮಳೆಗಾಲವಿಡೀ ಕೆಮ್ಮುತ್ತಿದ್ದೆ. ಅದಕ್ಕೆ ಮನೆಯವರು ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳ ಹದಿನೆಂಟನೇ ದಿನವನ್ನು ಕಾಯುತ್ತಿದ್ದರು. ಅಂದು ಮದ್ದು ಸೊಪ್ಪಿಗೆ ಹದಿನೆಂಟು ಬಗೆಯ ಮದ್ದು ಇಳಿಯುತ್ತದೆ, ಮರುದಿನ ಅದು ಬರೀ ಸೊಪ್ಪು ಎಂಬುದು ಕೊಡಗಿನ ನಂಬಿಕೆ. ನಮ್ಮ ಘಟ್ಟದ ಕಾಡು ಬಿಟ್ಟರೆ ಆ ಗಿಡ ಬೇರೆಲ್ಲೂ ಹುಟ್ಟುವುದಿಲ್ಲವಂತೆ.

ಒಂದು ವರ್ಷ ಆ ದಿನ ಅಪ್ಪ ನೀರು ಹರಿಯುವ ತೋಡಿನ ಬದಿಯಿಂದ ಸೊಪ್ಪು ಕೊಯ್ದು ತಂದರು. ಜೋರು ಮಳೆ ಬರುತ್ತಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಅಕ್ಕ ಬಿಸಿಲಿತ್ತು ಎನ್ನುತ್ತಾಳೆ. ಸೊಪ್ಪು ಕುದಿದಂತೆ ನೀರು ಕಡು ನೇರಳೆಯಾಯಿತು, ಅಡುಗೆಮನೆಯೆಲ್ಲ ಅದರದೇ ಘಾಟು. ಅವ್ವ ಅದೇ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಹಾಕಿ, ಕಾಯಿಹಾಲು ಸೇರಿಸಿ ಪಾಯಸ ಮಾಡಿದರು. ನಾನು ನಾಲಗೆ ನೇರಳೆಯಾಗುವಷ್ಟು ತಿಂದೆ.

ಮರುದಿನ ಬೆಳಿಗ್ಗೆ ಪರೀಕ್ಷೆ. ಪಾಯಸ ತಿಂದವರ ಮೂತ್ರ ಕೆಂಪಾಗಬೇಕು. ಕೆಂಪಾದರೆ ಮದ್ದು ಮೈಗೆ ಹಿಡಿಯಿತೆಂದು ಅರ್ಥ. ಹಿತ್ತಿಲಲ್ಲಿ ದಿಬ್ಬ ಕಡಿದ ಮಣ್ಣಿನ ಬರೆಗೆ ಹೊಯ್ದು ಬಗ್ಗಿ ನೋಡಿದೆ. ಕೆಂಪು ಕಾಣಲಿಲ್ಲ. ಇನ್ನೊಂದು ವರ್ಷ ಕೆಮ್ಮಬೇಕು. ಅಳುತ್ತಾ ಅವ್ವನ ಬಳಿ ಹೋಗಿ ಮತ್ತೆ ಪಾಯಸ ಕೇಳಿದೆ.

“ಇವತ್ತು ಹತ್ತೊಂಬತ್ತು ಕಣೋ. ಇನ್ನು ಅದನ್ನ ದನಕ್ಕೆ ಹಾಕ್ಬೇಕಷ್ಟೆ,” ಎಂದರು ಅವ್ವ.

ಅಕ್ಕ ನನ್ನನ್ನು ಹೊರಗೆ ಎಳೆದಳು. “ಎಲ್ಲಿ ಹೊಯ್ದೆ?”

“ಬರೆಗೆ.”

“ಕೆಂಪು ಮಣ್ಣಲ್ಲಿ ಕೆಂಪು ಹುಡುಕ್ತೀಯಲ್ಲ ಮಾರಾಯ! ತಲೆಯೊಳಗೂ ಮಣ್ಣೇನಾ?” ಎಂದು ಒಂದು ಬಿಳಿ ಪಿಂಗಾಣಿ ಮಗ್ಗು ಕೈಗಿಟ್ಟಳು. “ಬೇಗ. ಅಪ್ಪ ಗಡ್ಡ ತೆಗೆಯೋಕೆ ಬರ್ತಾರೆ.”

ಬೇಗ ಎಂದರೆ ಬರುತ್ತದೆಯೇ? ನೀರು ಕುಡಿದು ಕಾದೆ. ಕೊನೆಗೆ ಮಗ್ಗಿನ ತಳದಲ್ಲಿ ಕೆಂಪು ನಿಂತಿತು. ಓಡಿ ಹೋಗಿ ಅಪ್ಪನ ಮೂಗಿನ ಕೆಳಗೆ ಹಿಡಿದೆ.

“ಹಿಡೀತು ಅಪ್ಪಾ, ಹಿಡೀತು!”

ಅಪ್ಪ ಬಣ್ಣ ನೋಡಲಿಲ್ಲ. “ಇದು ನನ್ನ ಮಗ್ಗಲ್ವೇನೋ?” ಎಂದರು.

ಕೆಮ್ಮು ಅಂದೇ ನಿಂತಿತೆಂದು ನನ್ನ ನೆನಪು. ದೀಪಾವಳಿವರೆಗೂ ಮನೆಯಲ್ಲಿ ಯಾರಿಗೂ ನಿದ್ದೆ ಕೊಡಲಿಲ್ಲವೆಂದು ಅಕ್ಕನ ನೆನಪು. ಎರಡಕ್ಕೂ ಸಾಕ್ಷಿಯಿಲ್ಲ.

ಮಕ್ಕಳೇ, ಈಗ ನಿಮಗೆ ಸೊಪ್ಪು ಗೋಣಿಕೊಪ್ಪಲಿನ ಸಂತೆಯಿಂದ ಕಟ್ಟಾಗಿ ಬಂದು, ಭಾನುವಾರದವರೆಗೆ ಫ್ರಿಜ್ಜಿನಲ್ಲಿ ಕಾಯುತ್ತದೆ. ಹದಿನೆಂಟು ದಾಟಿತೇ ಎಂದು ಯಾರೂ ಕೇಳುವುದಿಲ್ಲ. ಬಿಳಿ ಕಮೋಡಿನಲ್ಲಿ ಕೆಂಪು ಥಟ್ಟನೆ ಕಾಣುತ್ತದೆ. ನನ್ನ ಹಾಗೆ ಅಳಬೇಕಾಗಿಲ್ಲ. ಕಳೆದ ವರ್ಷ ಮೊಮ್ಮಗಳು ಬಚ್ಚಲಿನಿಂದಲೇ ಕೂಗಿದಳು: “ಅಜ್ಜಾ, ಕೆಂಪು ಬಂತು! ಇದು ಮದ್ದಾ, ಬರೀ ಬಣ್ಣವಾ?”

ನಮಗೆ ಹಾಗೆ ಕೇಳಲು ತೋಚಿರಲೇ ಇಲ್ಲ. ಗೊತ್ತಿಲ್ಲ ಮಗಾ ಎಂದೆ, ಬಾಗಿಲ ಹೊರಗಿನಿಂದ. ಅವಳು ಫ್ಲಶ್ ಒತ್ತಿದಳು.