ಅಟ್ಟ ಯಾರದು

ನನ್ನ ಗಂಡ ಬಿದ್ದದ್ದು ಗೌಡರ ಅಟ್ಟದಿಂದ, ಸಾಹುಕಾರರ ಕೆಲಸ ಮಾಡುವಾಗ. ಅವನ ಸೊಂಟ ಮುರಿದದ್ದಕ್ಕೆ ಯಾರು ಜವಾಬು ಕೊಡಬೇಕು ಅನ್ನುವುದೇ ನನ್ನ ಪಾಲಿಗೆ ಬಂದ ಜಗಳ.

ಆಗ ಎರಡನೆಯ ಮಹಾಯುದ್ಧ ನಡೆದಿತ್ತು. ನನ್ನ ಗಂಡ ದುಡಿಯುತ್ತಿದ್ದ ಅಕ್ಕಿಆಲೂರಿನ ಭತ್ತದ ಗಿರಣಿಯನ್ನು ನಡೆಸುತ್ತಿದ್ದವರು ಸವಣೂರಿನಿಂದ ಬಂದ ಮುಸ್ಲಿಂ ಸಾಹುಕಾರರು. ಎಂಜಿನ್ನು ಅವರದು, ಹಮಾಲರು ಅವರ ಕಡೆಯವರು, ಕೂಲಿ ಕೊಡುವವರು ಅವರು. ಕಟ್ಟಡ ಮಾತ್ರ ಗೌಡರದು. ಗೌಡರ ಅಜ್ಜ ಕಾಳು ತುಂಬಲು ಕಟ್ಟಿಸಿದ್ದ ಹಳೆಯ ಮನೆ. ಸಾಗವಾನಿ ತೊಲೆ, ಮೇಲೆ ಅಗಲವಾದ ಅಟ್ಟ. ಹಮಾಲರು ಚೀಲ ಹೊತ್ತು ಅಟ್ಟ ಹತ್ತಿ, ಅಲ್ಲಿಂದ ಭತ್ತವನ್ನು ಯಂತ್ರದ ಬಾಯಿಗೆ ಸುರಿಯುತ್ತಿದ್ದರು. ನನ್ನ ಗಂಡನೂ ಅದೇ ಕೆಲಸದವನು. ನಾನು ಹೊರಗೆ ಅಂಗಳದಲ್ಲಿ ನುಚ್ಚು ಕೇರುತ್ತಿದ್ದೆ.

ಬಾಡಿಗೆ ಕೊಡುವಾಗ ಗೌಡರು ಎರಡು ಕರಾರು ಹಾಕಿದ್ದರು. ಅಜ್ಜನ ಕಾಲದ ಕಟ್ಟಿಗೆಗೆ ತಮ್ಮನ್ನು ಕೇಳದೆ ಉಳಿ ಮುಟ್ಟಿಸಬಾರದು. ಪ್ರತಿ ಅಮಾವಾಸ್ಯೆಗೆ ಹೊಸ್ತಿಲಿಗೂ ಅಟ್ಟದ ನಡುತೊಲೆಗೂ ತಾವೇ ಬಂದು ಪೂಜೆ ಮಾಡುತ್ತೇವೆ, ಅದಕ್ಕೆ ಅಡ್ಡ ಬರಬಾರದು. ಸಾಹುಕಾರರು ಒಪ್ಪಿದ್ದರು. ಅಮಾವಾಸ್ಯೆ ದಿನ ಎಂಜಿನ್ ನಿಲ್ಲಿಸಿ ಬಾಗಿಲ ಹೊರಗೆ ನಿಲ್ಲುತ್ತಿದ್ದರು. ಗೌಡರು ಕಾಯಿ ಒಡೆದ ಮೇಲೆ ಸಾಹುಕಾರರೂ ನಮ್ಮೆಲ್ಲರ ಜೊತೆ ತಮ್ಮ ಪಾಲಿನ ಕೊಬ್ಬರಿ ಚೂರನ್ನು ತಿನ್ನುತ್ತಿದ್ದರು.

ಅಟ್ಟದ ಒಂದು ಹಲಗೆ ಕಾಲಿಟ್ಟರೆ ಜಗ್ಗುತ್ತಿತ್ತು. ಹಮಾಲರು ಸಾಹುಕಾರರಿಗೆ ಹೇಳಿದರು, ಸಾಹುಕಾರರು ಗೌಡರ ಮನೆಗೆ ಹೋಗಿ ಹೇಳಿ ಬಂದರು. ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಹೇಳಿದರು. ಅದು ನಮ್ಮಜ್ಜ ಹಾಕಿಸಿದ ಹಲಗೆ, ಆನೆ ನಿಂತರೂ ಜಗ್ಗುವುದಿಲ್ಲ ಅಂದರಂತೆ ಗೌಡರು. ಆನೆ ನಿಲ್ಲಲಿಲ್ಲ. ನನ್ನ ಗಂಡ ನಿಂತ, ಹೆಗಲ ಮೇಲೆ ಚೀಲ ಇಟ್ಟುಕೊಂಡು.

ಸದ್ದು ಕೇಳಿ ಒಳಗೆ ಓಡಿದೆ. ಅವನು ಕೆಳಗೆ ಬಿದ್ದಿದ್ದ, ಚೀಲ ಅವನ ಮೇಲೆ ಬಿದ್ದಿತ್ತು. ಭತ್ತವೆಲ್ಲ ಚೆಲ್ಲಿತ್ತು. ಚಕ್ಕಡಿಯಲ್ಲಿ ಹಾನಗಲ್ಲಿಗೆ ಒಯ್ದೆವು, ಅಲ್ಲಿಂದ ಹುಬ್ಬಳ್ಳಿ ದವಾಖಾನೆಗೆ. ಜೀವ ಉಳಿಯಿತು. ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ.

ಸಾಹುಕಾರರು ತಪ್ಪಿಸಿಕೊಳ್ಳಲಿಲ್ಲ. ಮನೆಗೆ ಬಂದು ಗಂಡ ಮಲಗಿದ್ದ ಹೊರಸಿನ ಹತ್ತಿರ ಕೂತು, ಇದ್ದದ್ದನ್ನು ಇದ್ದಂತೆ ಹೇಳಿದರು.

"ತಂಗಿ, ಗಿರಣ್ಯಾಗ ಕೂಲಿಯವಗ ಏನರ ಆದ್ರ ಇಷ್ಟ ಕೊಡಬೇಕಂತ ಸರಕಾರದ ಕಾಯದೆ ಐತಿ. ನಾ ಕೊಡ್ತೇನಿ. ಆದ್ರ ಅದನ್ನ ತಗೊಂಡ ಮ್ಯಾಲ ನನ್ನ ಮ್ಯಾಲ ಕೋರ್ಟಿಗೆ ಹೋಗಾಕ ಬರೂದಿಲ್ಲ. ಇದನ್ನೂ ಕೇಳ್ಕೋ."

ತೆಗೆದುಕೊಂಡೆವು. ಗಂಡ ಮಲಗಿದಲ್ಲೇ ಹೆಬ್ಬೆಟ್ಟು ಒತ್ತಿದ. ಬಂದದ್ದರಲ್ಲಿ ಹೆಚ್ಚಿನದು ದವಾಖಾನೆಯ ಸಾಲಕ್ಕೇ ಹೋಯಿತು. ಮುಂದೆ ಉಣ್ಣುವುದು ಏನು? ನನ್ನೊಬ್ಬಳ ಮೊರದಿಂದ ಇಬ್ಬರ ಹೊಟ್ಟೆ ತುಂಬುವುದಿಲ್ಲ. ಗಂಡ ಮಾತ್ರ ನಗೆಚಾಟಿಕೆ ಬಿಡಲಿಲ್ಲ. "ಹೆಗಲ ಇನ್ನೂ ಗಟ್ಟಿ ಐತಿ. ಯಾರರ ನನ್ನ ಹೊತ್ತಕೊಂಡು ಅಡ್ಡಾಡಿದ್ರ ನಾ ಚೀಲ ಹೊರ್ತೇನಿ" ಅಂದ. ನನಗೆ ನಗು ಬರಲಿಲ್ಲ. ಪಕ್ಕದ ಮನೆಯವರು ನಕ್ಕರು.

ಗೌಡರ ಹತ್ತಿರ ಹೋದೆ. ಮನೆ ಬಾಡಿಗೆಗೆ ಕೊಟ್ಟ ಮೇಲೆ ಅದರೊಳಗೆ ಆದದ್ದಕ್ಕೆ ನಾನು ಹೊಣೆಯಲ್ಲ, ಕೂಲಿ ಕೊಟ್ಟವನನ್ನು ಕೇಳು ಅಂದರು. ನಾನು ಹೊರಡುವಾಗ ಒಂದು ಮೊರ ಜೋಳ ಹಾಕಿಸಿದರು. ಬೇಡ ಅನ್ನುವ ಸ್ಥಿತಿ ನನ್ನದಲ್ಲ, ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಜೋಳ ತೀರಿದ ಮೇಲೆ ಹಾನಗಲ್ಲಿಗೆ ನಡೆದು ಒಬ್ಬ ವಕೀಲರನ್ನು ಕಂಡೆ. ಅವರು ಎಲ್ಲ ಕೇಳಿ ಹೇಳಿದರು: "ನೋಡವಾ, ಸಾಹುಕಾರನ ಲೆಕ್ಕ ಮುಗೀತು. ಅಂವನ ಮ್ಯಾಲ ಏನೂ ನಡಿಯೂದಿಲ್ಲ. ಗೌಡನ ಮ್ಯಾಲ ನಡೀತೈತಿ. ಆದ್ರ ಬಾಡಿಗಿ ಕೊಟ್ಟ ಮ್ಯಾಲೂ ಆ ಅಟ್ಟ ಅವನ ಕೈಯಾಗ ಇತ್ತು ಅಂತ ಯಾರರ ಸಾಕ್ಷಿ ಹೇಳಬೇಕು."

ವಕೀಲರ ನೋಟೀಸು ಬಂದದ್ದೇ ಗೌಡರು ಊರ ತುಂಬ ಸಾರಿದರು, ಆ ಕಟ್ಟಡವನ್ನು ಪೂರ್ತಿ ಸಾಹುಕಾರನ ಕೈಗೆ ಕೊಟ್ಟಿದ್ದೇನೆ, ನನ್ನದೇನೂ ಉಳಿದಿಲ್ಲ ಅಂತ. ಹಂಗೆ ಸಾರುವಾಗ ಅಮಾವಾಸ್ಯೆಯ ನೆನಪು ಅವರಿಗಿರಲಿಲ್ಲ.

ಅಮಾವಾಸ್ಯೆ ಬಂತು. ಪೂಜೆಗೆ ಬಾರದಿದ್ದರೆ ಅಜ್ಜನ ಮನೆಯನ್ನು ಬಿಟ್ಟುಕೊಟ್ಟ ಅಂತ ಊರವರು ಆಡಿಕೊಳ್ಳುತ್ತಾರೆ. ಗೌಡರು ಬಂದರು, ಕೈಯಲ್ಲಿ ತಟ್ಟೆ, ಅದರಲ್ಲಿ ಕಾಯಿ, ಊದಿನಕಡ್ಡಿ. ಸಾಹುಕಾರರು ಎಂಜಿನ್ ನಿಲ್ಲಿಸಿ ಹೊರಗೆ ನಿಂತಿದ್ದರು. ನಾನು ಮೊರ ಬಿಟ್ಟು ಎದ್ದು ಹೊಸ್ತಿಲ ಹತ್ತಿರ ಹೋದೆ.

"ಗೌಡ್ರ, ಈ ಮನಿ ನಂದಲ್ಲ ಅಂದ್ರಂತ. ಮತ್ತ ಪೂಜಿ ನೀವ್ಯಾಕ ಮಾಡ್ತೀರಿ? ಸಾಹುಕಾರ್ರ ಮಾಡ್ಲಿ ಬಿಡ್ರಿ."

ಹಿಂದಿನಿಂದ ಒಬ್ಬ ಮುದಿ ಹಮಾಲ, "ತಡಿಯವಾ, ಸಾಹುಕಾರ್ರು ಇನ್ನೂ ಮಂತ್ರ ಕಲಿಯಾಕತ್ತಾರ" ಅಂದ. ಸಾಹುಕಾರರೇ ಮೊದಲು ನಕ್ಕರು. ಆಮೇಲೆ ಅಂಗಳವೆಲ್ಲ ನಕ್ಕಿತು. ಗೌಡರ ಮುಖ ಕೆಂಪಾಯಿತು.

"ಇದು ನಮ್ಮಜ್ಜನ ಮನಿ. ನನ್ನ ಕೇಳದ ಇದರ ಒಂದ ಕಟ್ಟಿಗಿ ಯಾರೂ ಮುಟ್ಟಿಲ್ಲ, ಮುಟ್ಟೂದೂ ಇಲ್ಲ."

"ಅಟ್ಟಾನೂ ನಿಮ್ಮದೇನ್ರಿ?"

"ಅಟ್ಟಾನೂ ನಂದ."

ಹೇಳಿ ಕಾಯಿ ಒಡೆದರು. ನನ್ನ ಪಾಲಿನ ಚೂರನ್ನು ನಾನು ಇಸಗೊಂಡು ತಿಂದೆ.

ಅಂಗಳದಲ್ಲಿದ್ದ ಹಮಾಲರು ಸಾಕ್ಷಿ ಹೇಳುವವರಲ್ಲ. ಅರ್ಧ ಜನ ಗೌಡರ ಹೊಲ ಮಾಡುವವರು, ಇನ್ನರ್ಧ ಜನ ಗೌಡರಿಗೆ ಹೆದರುವವರು. ಸಾಕ್ಷಿಗೆ ಉಳಿದವರು ಸಾಹುಕಾರರೊಬ್ಬರೇ. ಅವರನ್ನು ಕೇಳಿದೆ. ಸಾಕ್ಷಿ ಹೇಳಿದರೆ ಗೌಡರು ಕಟ್ಟಡ ಬಿಡಿಸುತ್ತಾರೆ ಅನ್ನುವುದು ನನಗೂ ಗೊತ್ತು, ಅವರಿಗೂ ಗೊತ್ತು.

"ಕಟ್ಟಡ ಹೋದ್ರ ಹೋಗ್ಲಿ ತಂಗಿ, ಬ್ಯಾರೆ ಕಡೆ ನೋಡ್ತೇನಿ. ನನ್ನ ಮ್ಯಾಲ ಇನ್ನ ಯಾರೂ ಕೋರ್ಟಿಗೆ ಹೋಗಾಂಗಿಲ್ಲ. ಸುಳ್ಳ ಹೇಳೂ ಜರೂರ ನನಗಿಲ್ಲ" ಅಂದರು.

ಅವರನ್ನು ಕಾಯ್ದ ಕಾಯದೆಯನ್ನು ನಾನು ಮೊದಮೊದಲು ಬೈದಿದ್ದೆ. ಕೊಡುವುದನ್ನು ಕೊಟ್ಟು ಕೈತೊಳೆದುಕೊಳ್ಳಲು ಶ್ರೀಮಂತರು ಮಾಡಿಕೊಂಡದ್ದು ಅಂತ ತಿಳಿದಿದ್ದೆ. ಅದು ಪೂರಾ ಸುಳ್ಳೂ ಅಲ್ಲ. ಆದರೆ ಅವರ ತಲೆಯ ಮೇಲೂ ಕೋರ್ಟಿನ ಖಟ್ಲೆ ತೂಗುತ್ತಿದ್ದರೆ, ಅವರೂ ಗೌಡರ ಜೊತೆ ಸೇರಿ ಹಲಗೆ ಗಟ್ಟಿಯಿತ್ತು, ಹಮಾಲನೇ ಕಾಲು ಜಾರಿ ಬಿದ್ದ ಅಂತ ಆಣೆ ಮಾಡುತ್ತಿದ್ದರು. ಒಳ್ಳೆಯವರೇ, ಆದರೂ ಮಾಡುತ್ತಿದ್ದರು.

ಹಾವೇರಿ ಕೋರ್ಟಿನಲ್ಲಿ ಸಾಹುಕಾರರು ಎಲ್ಲ ಹೇಳಿದರು. ಕರಾರು, ಹಲಗೆಯ ಸಲುವಾಗಿ ತಾವು ಹೋಗಿ ಕೇಳಿದ್ದು, ಆನೆಯ ಮಾತು, ಅಮಾವಾಸ್ಯೆಯ ಮಾತು. ಆಮೇಲೆ ನಮ್ಮ ವಕೀಲರು ಗೌಡರನ್ನು ಕೇಳಿದರು, ಅಟ್ಟ ಯಾರದು ಅಂತ. ಅವರ ವಕೀಲರು ಏನು ಕಲಿಸಿ ತಂದಿದ್ದರೋ. ಹಿಂದೆ ಊರ ಮಂದಿ ಕೂತಿದ್ದರು. ಗೌಡರು ತಿರುಗಿ ಅವರನ್ನು ನೋಡಿದರು. ನಂದು ಅಂದರು.

ತೀರ್ಪಿಗೆ ಮೊದಲೇ ರಾಜಿಗೆ ಬಂದರು. ಕೆರೆಯ ಕೆಳಗಿನ ಒಂದು ತುಂಡು ಗದ್ದೆಯನ್ನು ನನ್ನ ಗಂಡನ ಹೆಸರಿಗೆ ಮಾಡಿಕೊಟ್ಟರು. "ಕಾಲ ಇದ್ದಾಗ ಹೊಲ ಇರಲಿಲ್ಲ, ಹೊಲ ಬಂದಾಗ ಕಾಲ ಇಲ್ಲ" ಅಂದ ಅವನು. ಈ ಸಲ ಪಕ್ಕದ ಮನೆಯವರೂ ನಗಲಿಲ್ಲ. ಗದ್ದೆ ಮಾಡಿದವಳು ನಾನು. ಅವನು ಕೆಲವು ವರ್ಷ ಬದುಕಿದ, ಬೆನ್ನು ಹುಣ್ಣಾಗಿ ಸತ್ತ.

ರಾಜಿಯಾದ ಕೂಡಲೇ ಗೌಡರು ಕಟ್ಟಡ ಬಿಡಿಸಿಕೊಂಡಿದ್ದರು. ಸಾಹುಕಾರರು ಎಂಜಿನ್ನನ್ನು ಗಾಡಿಗೆ ಹೇರಿಕೊಂಡು ತಡಸದ ಕಡೆ ಹೋದರು. ಗೌಡರೇ ಹೊಸ ಯಂತ್ರ ಹಾಕಿ ಗಿರಣಿ ಶುರು ಮಾಡಿದರು. ಅದಕ್ಕೂ ಮೊದಲು ಬಡಿಗರನ್ನು ಕರೆಸಿ ಅಟ್ಟದ ಹಲಗೆಗಳನ್ನೆಲ್ಲ ಕೀಳಿಸಿ ಹೊಸವು ಹಾಕಿಸಿದರು.

ಗದ್ದೆಯ ಮೊದಲ ಭತ್ತವನ್ನು ನಾನು ಅಲ್ಲಿಗೇ ಒಯ್ದೆ. ಹಮಾಲನಿಗೆ ಕೊಡದೆ ಸಣ್ಣ ಗಂಟು ಮಾಡಿ ತಲೆಯ ಮೇಲಿಟ್ಟುಕೊಂಡು ನಾನೇ ಅಟ್ಟ ಹತ್ತಿದೆ. ಅವನು ಬಿದ್ದ ಜಾಗದಲ್ಲಿ ನಿಂತು ಹಿಮ್ಮಡಿಯಿಂದ ಜೋರಾಗಿ ಒದ್ದು ನೋಡಿದೆ. ಹಲಗೆ ಅಲುಗಲಿಲ್ಲ. ಭತ್ತ ಸುರಿದು ಕೆಳಗಿಳಿದೆ.