ಶಂಕರಮ್ಮನ ಗದ್ದೆಗೆ ಬಂದ ಮುಯ್ಯಾಳುಗಳು

ಹಗ್ಗಜಗ್ಗಾಟದಲ್ಲಿ ಹಗ್ಗ ಹಿಡಿದವರು ಬಡಿದಾಡಿದ್ದನ್ನು ನಾನು ನೋಡಿಲ್ಲ. ಅವರಿಗೆ ಅದಕ್ಕೆ ಪುರಸೊತ್ತೂ ಇರುವುದಿಲ್ಲ, ಉಸಿರೂ ಇರುವುದಿಲ್ಲ. ಬಡಿದಾಡುವವರು ಬದಿಯಲ್ಲಿ ನಿಂತವರು. ಮನೆಯಲ್ಲಿ ಒಂದು ಕೊಡ ನೀರೆತ್ತದ ಭೂಪರು ಮುಖಕ್ಕೆ ಬಣ್ಣ ಬಳಿದುಕೊಂಡು, ಬಾವುಟ ಕಟ್ಟಿದ ದೊಣ್ಣೆ ಹಿಡಿದು ಬಂದು, ಊರಿನ ಮಾನವೆಲ್ಲ ತಮ್ಮ ಗಂಟಲಲ್ಲೇ ಇದೆ ಎನ್ನುವಂತೆ ಅರಚುತ್ತಾರೆ. ನಮ್ಮೂರು ಜಾವಳಿಯ ಕೆಸರುಗದ್ದೆ ಆಟಕ್ಕೆ ವರ್ಷವೂ ಚರುಮುರಿ ಗಾಡಿ ಹಾಕುವವನು ನಾನು. ಅರಚಾಟ ಹೆಚ್ಚಿದಷ್ಟೂ ನನಗೆ ವ್ಯಾಪಾರ. ಆದರೂ ಅವರನ್ನು ಕಂಡರೆ ಮೈ ಉರಿಯುತ್ತದೆ.

ಆಟ ನಡೆಯುವ ಗದ್ದೆ ಶಂಕರಮ್ಮನವರದು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಬೇಸಾಯ ನಡೆಸಿ ಮಗಳನ್ನು ಓದಿಸಿ ಮದುವೆ ಮಾಡಿಕೊಟ್ಟವರು. ಹರೆಯದಲ್ಲಿ ಹೆಂಗಸರ ತಂಡದ ಕೊನೆಯಲ್ಲಿ ನಿಂತು ಹಗ್ಗ ಎಳೆಯುತ್ತಿದ್ದರಂತೆ. ಆ ಹುಚ್ಚು ಇನ್ನೂ ಇಳಿದಿಲ್ಲ. ಅದಕ್ಕೇ ನಾಟಿಗೆ ಮೊದಲು, ಉತ್ತು ಕೆಸರು ಮಾಡಿದ ಗದ್ದೆಯನ್ನು ಒಂದು ದಿನ ಆಟಕ್ಕೆ ಬಿಟ್ಟುಕೊಡುತ್ತಾರೆ. ಅವರ ಷರತ್ತು ಒಂದೇ. ಪಕ್ಕದ ಸಸಿಮಡಿಗೆ ಯಾರೂ ಕಾಲಿಡಬಾರದು. ಸಸಿ ಹೋದರೆ ನಾಟಿಯಿಲ್ಲ, ನಾಟಿಯಿಲ್ಲದಿದ್ದರೆ ಆ ವರ್ಷ ಮನೆಗೆ ಅಕ್ಕಿಯಿಲ್ಲ.

ಹೋದ ವರ್ಷದ ಹಿಂದಿನ ವರ್ಷ ಫೈನಲ್ಲಿಗೆ ಬಂದದ್ದು ನಮ್ಮೂರು ಮತ್ತು ಗುಡ್ಡದಾಚೆಯ ಹೊಸಕೊಪ್ಪ. ಹೊಸಕೊಪ್ಪದ ತಂಡ ಜಾರತೊಡಗಿದ್ದೇ ತಡ, ಅವರ ಬೆಂಬಲಿಗರು ಒಳಗೆ ನುಗ್ಗಿ ಹಗ್ಗದ ಬಾಲಕ್ಕೆ ಜೋತುಬಿದ್ದರು. ಅದನ್ನು ಕಂಡು ನಮ್ಮವರೂ ನುಗ್ಗಿದರು. ಆಮೇಲೆ ಹಗ್ಗ ಯಾರಿಗೂ ಬೇಡವಾಯಿತು, ಬಾವುಟದ ದೊಣ್ಣೆಗಳೇ ಮಾತಾಡಿದವು. ಓಡುವವರು, ಅಟ್ಟಿಸಿಕೊಂಡು ಹೋಗುವವರು ಎಲ್ಲರೂ ಹೋದದ್ದು ಸಸಿಮಡಿಯ ಮೇಲೆಯೇ. ಶಂಕರಮ್ಮ ಕೈ ಅಗಲಿಸಿ ಅಡ್ಡ ನಿಂತರು. ಹೊಸಕೊಪ್ಪದ ಮೋಹಿತ್ ಎಂಬ ಹುಡುಗ ಅವರನ್ನು ದೂಡಿ ಮುಂದಕ್ಕೆ ಓಡಿದ. ಅವರು ಎಡಗೈ ಊರಿಕೊಂಡು ಅಂಚಿನ ಕಲ್ಲಿನ ಮೇಲೆ ಬಿದ್ದರು.

ಕೆಲವರು ಕಳಸದ ಆಸ್ಪತ್ರೆಗೆ ಹೋಗಿ ತಲೆಗೆ ಹೊಲಿಗೆ ಹಾಕಿಸಿಕೊಂಡರು. ಶಂಕರಮ್ಮನವರ ಮಣಿಕಟ್ಟಿಗೆ ಪಟ್ಟಿ ಬಿತ್ತು. ಸಸಿಮಡಿ ಎಮ್ಮೆ ಹೊರಳಾಡಿದ ಹೊಂಡದಂತಾಗಿತ್ತು. ಇನ್ನು ಆಟವೂ ಮುಗಿಯಿತು, ಆ ಹೆಂಗಸಿನ ಬೇಸಾಯವೂ ಮುಗಿಯಿತು ಎಂದುಕೊಂಡೆವು.

ಎರಡೂ ಊರಿನವರು ಅವರ ಅಂಗಳದಲ್ಲಿ ಸೇರಿದರು. ನಮ್ಮ ಯುವಕ ಸಂಘದ ನಿಂಗಯ್ಯ ತಲೆ ತಗ್ಗಿಸಿ, "ಏನು ಪರಿಹಾರ ಕೊಡ್ಬೇಕು ಹೇಳಿ, ಕೊಡ್ತೀವಿ. ಕಂಪ್ಲೇಂಟ್ ಮಾತ್ರ ಬೇಡ" ಎಂದ.

"ಪರಿಹಾರ ತಗೊಂಡು ಗದ್ದೆಗೆ ನೆಡ್ಲಾ?" ಎಂದರು ಶಂಕರಮ್ಮ. "ನಂಗೆ ನಾಟಿ ಆಗ್ಬೇಕು. ಮನೆಮನೇಲಿ ಮಿಕ್ಕಿದ ಸಸಿ ತನ್ನಿ. ದೊಣ್ಣೆ ಹಿಡ್ದೋರೆಲ್ಲ ಮುಯ್ಯಾಳಿಗೆ ಬನ್ನಿ."

ಮುಯ್ಯಾಳು ನಮ್ಮ ಕಡೆಯ ಹಳೆಯ ವಾಡಿಕೆ. ಕೂಲಿಯಿಲ್ಲ, ಊಟ ಮಾತ್ರ. ಇವತ್ತು ನೀವು ನಮ್ಮ ಗದ್ದೆಗೆ ಬಂದರೆ ಇನ್ನೊಂದು ದಿನ ನಾವು ನಿಮ್ಮ ಕೆಲಸಕ್ಕೆ ಬರಬೇಕು. ಹುಡುಗರು ಇದರಲ್ಲಿ ಮೊದಲರ್ಧವನ್ನಷ್ಟೇ ಕೇಳಿಸಿಕೊಂಡರು. ಇಷ್ಟು ಅಗ್ಗದ ಶಿಕ್ಷೆಯಲ್ಲಿ ಪಾರಾದೆವಲ್ಲ ಎಂದು ಖುಷಿಯಾಗಿ ಎದ್ದು ಹೋದರು.

ನಾಟಿಯ ದಿನ ಶಂಕರಮ್ಮ ಜಾವಳಿಯವನೊಬ್ಬ, ಹೊಸಕೊಪ್ಪದವನೊಬ್ಬ ಎಂದು ಸಾಲಾಗಿ ನಿಲ್ಲಿಸಿದರು. ನೆಡುತ್ತ ಹಿಂದಕ್ಕೆ ಸರಿಯುವ ಕೆಲಸದಲ್ಲಿ ಒಬ್ಬ ಆತುರಪಟ್ಟರೆ ಸಾಲೇ ಹಾಳು. ಮೊದಲು ಮುಖ ಊದಿಸಿಕೊಂಡಿದ್ದವರು ಹೊತ್ತೇರುವಾಗ "ಸ್ವಲ್ಪ ನಿಧಾನ ಮಾರಾಯ, ಸೊಂಟ ಹೋಯ್ತು" ಎನ್ನತೊಡಗಿದರು. ನೆಟ್ಟ ಸಾಲುಗಳು ಹಾವು ಹರಿದಂತಿದ್ದವು. ಸಸಿಗಳೇನೋ ಬದುಕಿದವು. ಹುಡುಗರೆಲ್ಲ ಒಂದೇ ಪಾತ್ರೆಯ ಕೋಳಿಸಾರು ಉಂಡು ಮನೆಗೆ ಹೋದರು. ಮೋಹಿತ್ ಮಾತ್ರ ಶಂಕರಮ್ಮನವರ ಪಟ್ಟಿ ಕಟ್ಟಿದ ಕೈಯ ಕಡೆ ನೋಡದೆ ಬೇಗ ಜಾಗ ಖಾಲಿ ಮಾಡಿದ.

ಕಾಫಿ ಕೊಯ್ಲು ಶುರುವಾದಾಗ ಶಂಕರಮ್ಮ ಆ ಹುಡುಗರ ಮನೆಗಳಿಗೆ ಒಂದೊಂದಾಗಿ ಹೊರಟರು. ಬೇಡ ಎಂದವರ ಮಾತು ಕೇಳಲಿಲ್ಲ. ಮೋಹಿತನ ಮನೆಗೆ ಹೋದ ದಿನದ ಕಥೆಯನ್ನು ಅವನ ತಾಯಿ ರಂಗಮ್ಮನೇ ನನಗೆ ಹೇಳಿದ್ದು. ಬೆಳಿಗ್ಗೆ ಜೀಪಿಳಿದು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಬಂದ ಗುರುತಿಲ್ಲದ ಹೆಂಗಸನ್ನು ಕಂಡು ರಂಗಮ್ಮ ಯಾರೆಂದು ವಿಚಾರಿಸಿದಳು.

"ನಿಮ್ಮ ಮಗ ನಮ್ಮ ಗದ್ದೆ ನಾಟಿಗೆ ಬಂದಿದ್ದ. ಅದ್ಕೆ ನಿಮ್ಮ ಕೊಯ್ಲಿಗೆ ಬಂದೆ" ಎಂದರು ಶಂಕರಮ್ಮ.

ಮಗ ಯಾರ ಗದ್ದೆಗಾದರೂ ಇಳಿದಾನೆಂದು ಕನಸಲ್ಲೂ ಎಣಿಸದ ರಂಗಮ್ಮ ಹಿರಿಹಿರಿ ಹಿಗ್ಗಿ ಬೆಲ್ಲದ ಕಾಫಿ ಕೊಟ್ಟಳು. ತೋಟದಲ್ಲಿ ಮೋಹಿತ್ ಪಕ್ಕದ ಸಾಲಿನಲ್ಲೇ ಇದ್ದ. ಶಂಕರಮ್ಮನವರ ಎಡಗೈ ರೆಂಬೆಯನ್ನು ಬಗ್ಗಿಸಿ ಹಿಡಿಯಲಾರದೆ ಜಾರುತ್ತಿತ್ತು. ಬಲಗೈ ಹಣ್ಣು ಬಿಡಿಸುವಷ್ಟರಲ್ಲಿ ರೆಂಬೆ ಮತ್ತೆ ಮೇಲಕ್ಕೆ. ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಂದು ರೆಂಬೆ ಬಗ್ಗಿಸಿ ಹಿಡಿದ.

"ಪಾಪ, ಕೈಗೇನಾಯ್ತು ನಿಮ್ಗೆ?" ಎಂದಳು ರಂಗಮ್ಮ.

ಶಂಕರಮ್ಮ ಮುಂದಿನ ಹಣ್ಣಿಗೆ ಕೈ ಹಾಕಿದರು. ಮೋಹಿತನೇ ಬಾಯಿಬಿಟ್ಟ. "ನಾನೇ ಅಮ್ಮ. ಆಟದ ದಿನ ಇವರನ್ನ ದೂಡಿ ಬೀಳ್ಸಿದ್ದು ನಾನೇ."

ರಂಗಮ್ಮ ಚೀಲ ಬಿಟ್ಟು ಅತ್ತುಬಿಟ್ಟಳಂತೆ. ಮಗನಿಗೆ ಬಾರಿಸಲು ಕೈಯನ್ನೂ ಎತ್ತಿದಳಂತೆ. ಶಂಕರಮ್ಮ ಆ ಕೈ ಹಿಡಿದುಕೊಂಡು, "ಈಗ ಹೊಡೀಬೇಡಿ, ಅವನು ರೆಂಬೆ ಬಿಟ್ರೆ ಹಣ್ಣೆಲ್ಲ ಉದುರತ್ತೆ" ಎಂದರು. ಆ ದಿನವೆಲ್ಲ ಅವನು ರೆಂಬೆ ಹಿಡಿದ, ಅವರು ಕೊಯ್ದರು.

ಹೋದ ವರ್ಷ ಗದ್ದೆ ಕೇಳಲು ಹೋದ ನಿಂಗಯ್ಯನಿಗೆ ಶಂಕರಮ್ಮ ಇಲ್ಲವೆನ್ನಲಿಲ್ಲ. ನಾನೂ ಗಾಡಿ ಹಾಕಿದೆ. ಫೈನಲ್ಲಿಗೆ ಮತ್ತೆ ಅವೇ ಎರಡು ಊರು. ಈ ಸಲವೂ ಬಣ್ಣ, ಬಾವುಟ, ಕಿವಿ ಒಡೆಯುವ ಅರಚಾಟ ಎಲ್ಲ ಇದ್ದವು. ದೊಣ್ಣೆ ಮಾತ್ರ ಇರಲಿಲ್ಲ, ಬಾವುಟಗಳನ್ನು ಹೆಗಲಿಗೆ ಹೊದ್ದುಕೊಂಡಿದ್ದರು. ನಾಟಿಗೆ ಬಂದಿದ್ದ ಹುಡುಗರು ಎರಡೂ ಊರಿನವರು ಕಲೆತು ಸಸಿಮಡಿಯ ಸುತ್ತ ನಿಂತಿದ್ದರು. ನಡುವೆ ಮೋಹಿತ್, ಆಟಕ್ಕೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ. ಹಿಂದಿನಿಂದ ಹೋ ಎಂದು ಕೂಗೆದ್ದರೂ ಅವನು ತಿರುಗಲಿಲ್ಲ. ಚರುಮುರಿ ಕಲಸುವುದನ್ನು ಬಿಟ್ಟು ನಾನು ಅವನನ್ನೇ ನೋಡುತ್ತಿದ್ದೆ.

ಸೀಟಿ ಊದಿದ ಮೇಲೆ ಶಂಕರಮ್ಮ ಅವನ ಬಳಿಗೆ ಹೋದರು.

"ಯಾರು ಗೆದ್ರು?" ಎಂದು ಕೇಳಿದ ಮೋಹಿತ್.

"ನಿಮ್ಮೂರೇ ಮಾರಾಯ. ಹೋಗು, ಕುಣಿ" ಎಂದರು ಶಂಕರಮ್ಮ.

ಅವನು ಕುಣಿಯಲು ಹೊರಟ. ಸಸಿಮಡಿಯನ್ನು ಬಳಸಿಕೊಂಡು, ಅಂಚಿನ ಮೇಲೆಯೇ ಓಡಿದ.